ಗ್ರೇಹೌ ಗುಡ್ಡದ ಬಿಳಿ ಕುರಿಗಳು

ಜುಲೈ ಒಂಬತ್ತರ ಮಂಗಳವಾರ, ಬೆಳಿಗ್ಗೆ ಎಂಟೂವರೆ. ಥಾರ್ನ್‌ಬೆಕ್ ಪೊಲೀಸ್ ಠಾಣೆಯ ಬಾಗಿಲು ತಳ್ಳಿಕೊಂಡು ಒಳಗೆ ಬಂದ ಎಡ್ವಿನ್ ಟೈಸನ್, ಬೂಟಿಗಂಟಿದ ಕೆಸರನ್ನು ಒರೆಸುವ ಗೋಜಿಗೂ ಹೋಗಲಿಲ್ಲ.

"ಇಪ್ಪತ್ತಾರು ಕುರಿ ಕಳುವಾಗಿವೆ. ದೂರು ಬರ್ಕೊಳ್ಳಿ" ಎಂದ.

ಮೇಜಿನ ಹಿಂದೆ ಕೂತಿದ್ದ ಕಾನ್‌ಸ್ಟೇಬಲ್ ಮಾಸಪ್ ಪೆನ್ನು ಹುಡುಕುತ್ತ ಕೇಳಿದ, "ಕಳುವೇ ಅಂತ ಹೇಗೆ ಹೇಳ್ತೀರಿ ಯಜಮಾನ್ರೇ? ಎಲ್ಲೋ ತಪ್ಪಿಸ್ಕೊಂಡು ಹೋಗಿರಬಹುದಲ್ವಾ?"

"ನನ್ನ ಕುರಿ ತಪ್ಪಿಸ್ಕೊಳ್ಳಲ್ಲ. ನಿಂದು ಯಾವೂರಪ್ಪಾ?"

"ಕಾರ್ಲೈಲ್ ಪೇಟೆ."

"ಅದಕ್ಕೇ."

ಒಳಕೋಣೆಯಿಂದ ಚಹಾದ ಲೋಟ ಹಿಡಿದು ಹೊರಗೆ ಬಂದ ಇನ್‌ಸ್ಪೆಕ್ಟರ್ ರೂತ್ ಗ್ಯಾಸ್ಕರ್ತ್ ನಗು ತಡೆದುಕೊಂಡಳು. ಐವತ್ತೊಂದು ವರ್ಷದ ಗಟ್ಟಿ ಹೆಂಗಸು. ಹಳ್ಳಿಗಾಡಿನ ಅಪರಾಧಗಳೆಲ್ಲ ಅವಳ ಪಾಲಿಗೆ ಬಂದು ಏಳು ವರ್ಷವಾಗಿತ್ತು. ಎಲ್ಲರೂ ಕೇಳಿ ಮುಗಿಸಿದ ಮೇಲೂ "ಇನ್ನೊಂದೇ ಒಂದು" ಎಂದು ಕೇಳುವ ಚಾಳಿ ಅವಳಿಗಿತ್ತು. ಅದಕ್ಕೇ ಮೇಲಧಿಕಾರಿಗಳಿಗೆ ಅವಳೆಂದರೆ ಅಷ್ಟಕ್ಕಷ್ಟೆ. ತನ್ನ ಲೋಟವನ್ನು ಟೈಸನ್ ಕೈಗೆ ಕೊಟ್ಟು ಎದುರು ಕೂತಳು.

"ನಿಧಾನಕ್ಕೆ ಹೇಳಿ. ಕೊನೇ ಸಲ ಎಣಿಸಿದ್ದು ಯಾವಾಗ?"

"ಮೇ ತಿಂಗಳಲ್ಲಿ, ಮರಿಗಳ ಸಮೇತ ಗುಡ್ಡಕ್ಕೆ ಬಿಡುವಾಗ. ನಿನ್ನೆ ಉಣ್ಣೆ ಕತ್ತರಿಸೋಕೆ ಅಂತ ಎಲ್ಲಾನೂ ಕೆಳಗಿಳಿಸಿದ್ವಿ. ಅಕ್ಕಪಕ್ಕದವರೂ ಬಂದಿದ್ರು. ಮೂರು ಸಲ ಎಣಿಸಿದೆ. ಮೂರು ಸಲಾನೂ ಇಪ್ಪತ್ತಾರು ಕಡಿಮೆ, ಅವುಗಳ ಮರೀನೂ ಇಲ್ಲ."

"ಪಕ್ಕದ ಗುಡ್ಡಕ್ಕೆ ಸೇರಿಕೊಂಡಿಲ್ಲ ತಾನೆ?"

"ಇಲ್ಲ ಮೇಡಂ. ಗ್ರೇಹೌ ಕುರಿ ಗ್ರೇಹೌ ಬಿಡಲ್ಲ. ಅಲ್ಲೇನು ಬೇಲಿ ಇದೆಯಾ? ತಾಯಿ ಎಲ್ಲೀವರೆಗೆ ಮೇಯ್ತಾಳೋ ಮರಿಗೆ ಅಲ್ಲೀವರೆಗೇ ಪ್ರಪಂಚ. ಈ ಸೀಮೇಲೆಲ್ಲ ತಾತ ಮುತ್ತಾತರ ಕಾಲದಿಂದ್ಲೂ ಹೀಗೇ ನಡ್ಕೊಂಡು ಬಂದಿರೋದು."

ದೂರು ದಾಖಲಾಯಿತು. ಹತ್ತೂವರೆಗೆ ರೂತ್ ಮತ್ತು ಮಾಸಪ್ ಹಾರ್ಟ್‌ಮಿಯರ್ ಸರೋವರದ ದಂಡೆಯ ಕಿರಿದಾರಿ ಹಿಡಿದು, ಟೈಸನ್ನನ ಸ್ಕೇಲ್‌ಗಿಲ್ ಫಾರಂ ತಲುಪಿದರು.

ಸ್ಥಳ ಮಹಜರು ನಡೆಯಿತು. ಗುಡ್ಡಕ್ಕೆ ಹೋಗುವ ಗೇಟಿನ ಚಿಲಕ ಸರಿಯಾಗಿತ್ತು. ಕಲ್ಲುಗೋಡೆಯ ಒಂದು ಕಲ್ಲೂ ಕದಲಿರಲಿಲ್ಲ. ಕೆಸರಿನಲ್ಲಿ ಟೈಸನ್ನನ ನಾಲ್ಕು ಗಾಲಿಯ ಬೈಕಿನ ಜಾಡು ಬಿಟ್ಟರೆ ಬೇರೆ ಗಾಡಿಯ ಗುರುತಿಲ್ಲ. ಕುರಿ ಕದಿಯುವವರು ರಾತ್ರಿ ನಾಯಿಗಳನ್ನು ತರುತ್ತಾರೆ, ಲಾರಿ ತರುತ್ತಾರೆ, ಗೋಡೆ ಬೀಳಿಸುತ್ತಾರೆ. ಇಲ್ಲಿ ಅದ್ಯಾವುದರ ಸುಳಿವೂ ಇರಲಿಲ್ಲ. ಮಾಸಪ್ ಬರೆದುಕೊಳ್ಳುತ್ತಲೇ ಇದ್ದ. ರೂತ್ ದೊಡ್ಡಿಯ ಗೋಡೆಗೆ ಮೊಣಕೈಯೂರಿ, ಒಳಗೆ ಒತ್ತೊತ್ತಾಗಿ ನಿಂತ ಕುರಿಗಳನ್ನು ನೋಡುತ್ತಿದ್ದಳು.

ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ದೊಡ್ಡಿ ಬಹಳ ಕಪ್ಪಗಿತ್ತು. ಆ ಸೀಮೆಯ ಹರ್ಡ್‌ವಿಕ್ ಕುರಿ ಹುಟ್ಟುವಾಗ ಇದ್ದಿಲ ಬಣ್ಣ. ಎರಡನೇ ವರ್ಷಕ್ಕೆ ಕಂದು. ಆಮೇಲೆ ವರ್ಷ ವರ್ಷಕ್ಕೂ ತಿಳಿಯಾಗುತ್ತಾ ಹೋಗಿ, ಮುದಿಯಾಗುವ ಹೊತ್ತಿಗೆ ಮನುಷ್ಯರ ಹಾಗೇ ನರೆತು ಬೆಳ್ಳಗಾಗುತ್ತದೆ. ಈ ಮಂದೆಯಲ್ಲಿ ಕಪ್ಪಿತ್ತು, ಕಂದಿತ್ತು, ಕಬ್ಬಿಣದಂಥ ಬೂದು ಬಣ್ಣವೂ ಇತ್ತು. ಬಿಳಿ ಮಾತ್ರ ಇರಲಿಲ್ಲ.

"ಟೈಸನ್, ನಿಮ್ಮ ಬಿಳಿ ಕುರಿಗಳೆಲ್ಲಿ?"

ಟೈಸನ್ ದೊಡ್ಡಿಯನ್ನು ನೋಡಿದ. ಮತ್ತೊಮ್ಮೆ ನೋಡಿದ. "ಹೋಗಿರೋದೆಲ್ಲ ಮುದುಕಿಯರೇ" ಎಂದ ಮೆಲ್ಲಗೆ. "ಎಲ್ಲಾ ಐದು ವರ್ಷ ದಾಟಿದವು. ನಾನು ಲೆಕ್ಕ ನೋಡಿದ್ನೇ ಹೊರತು ಇದನ್ನ ನೋಡಲಿಲ್ಲ."

"ಕಸಾಯಿಯವನು ಅವಕ್ಕೆ ಏನು ಕೊಟ್ಟಾನು?"

"ಮೂಗು ಮುರೀತಾನೆ. ಅರ್ಧಕ್ಕೆ ಹಲ್ಲೇ ಇಲ್ಲ."

"ಅಂದ್ರೆ ಕಳ್ಳ ಕೊಬ್ಬಿದ ಎಳೇ ಕುರಿಗಳನ್ನ ಬಿಟ್ಟು, ಹಲ್ಲಿಲ್ಲದ ಮುದುಕಿಯರನ್ನ ಆರಿಸಿ ಆರಿಸಿ ಹೊಡ್ಕೊಂಡು ಹೋದ."

"ದಡ್ಡ ಕಳ್ಳ ಇರಬೇಕು ಮೇಡಂ" ಎಂದ ಮಾಸಪ್.

"ಇನ್ನೊಂದೇ ಒಂದು" ಎಂದಳು ರೂತ್. "ಕಸಾಯಿಯವನಿಗೇ ಬೇಡದ ಕುರಿ ನಿಮಗೆ ಯಾಕೆ ಅಷ್ಟು ಬೇಕು?"

ಟೈಸನ್ ಅವಳನ್ನು ದಿಟ್ಟಿಸಿದ. ಕೋಪವೋ ದುಃಖವೋ ಹೇಳಲಾಗದು. "ಗುಡ್ಡ ಗೊತ್ತಿರೋದು ಅವಕ್ಕೇ ಮೇಡಂ. ಹಿಮ ಬಿದ್ದಾಗ ಯಾವ ಬಂಡೆ ಮರೆಗೆ ನಿಲ್ಲಬೇಕು, ನಮ್ಮ ಸರಹದ್ದು ಎಲ್ಲಿಗೆ ಮುಗೀತದೆ, ಎಲ್ಲಾ ಅವೇ ಕಲಿಸಬೇಕು. ಹತ್ತು ದಿವಸದಿಂದ ಎಳೇ ಕುರಿಗಳು ದಿಕ್ಕು ತಪ್ಪಿದ ಹಾಗೆ ಸರೋವರದ ರಸ್ತೆಗಿಳೀತಿವೆ. ಮೂರು ಮರಿ ಕಾರಿಗೆ ಸಿಕ್ಕಿ ಸತ್ತವು. ಯಾಕೆ ಹಿಂಗಾಡ್ತಿವೆ ಅಂತ ಬೈಕೊಂಡಿದ್ದೆ. ಈಗ ಗೊತ್ತಾಯ್ತು. ದುಡ್ಡು ಕೊಟ್ರೆ ಬೇರೆ ಕುರಿ ಸಿಗ್ತವೆ. ಈ ಗುಡ್ಡ ಬಲ್ಲ ಕುರಿ ಎಲ್ಲಿಂದ ತರಲಿ?"

ಆ ವಾರ ಮಾಸಪ್ ಸುತ್ತಮುತ್ತಲಿನ ಕುರಿ ಸಂತೆ, ಕಸಾಯಿಖಾನೆಗಳಿಗೆಲ್ಲ ಫೋನು ತಿರುಗಿಸಿದ. ಪಕ್ಕೆಯ ಮೇಲೆ ಟೈಸನ್ ಬಳಿದ ಕೆಂಪು ಪಟ್ಟೆಯ ಗುರುತಿದ್ದ ಮುದಿ ಕುರಿಗಳನ್ನು ಯಾರೂ ಕಂಡಿರಲಿಲ್ಲ. ಹಳೇ ಕುರಿಗಳ್ಳರಿಬ್ಬರನ್ನು ಕರೆಸಿ ವಿಚಾರಿಸಿದ್ದಾಯಿತು. ಅವರಲ್ಲೊಬ್ಬ, "ಹಲ್ಲಿಲ್ಲದ್ದನ್ನ ನಾನು ಕದೀತೀನಾ? ನನ್ನ ಮರ್ಯಾದೆ ಏನಾಗಬೇಕು?" ಎಂದು ಜಗಳಕ್ಕೇ ಬಂದ. ಮೇಲಧಿಕಾರಿ ಫೋನು ಮಾಡಿ, ಒಂದಿಷ್ಟು ಮುದಿ ಕುರಿಗಾಗಿ ಇಬ್ಬರು ಪೊಲೀಸರು ಬೇಕೇ ಎಂದು ಕೇಳಿದರು. ಶನಿವಾರದವರೆಗೆ ಬಿಡಿ ಎಂದು ರೂತ್ ಬೇಡಿಕೊಂಡಳು. ಕುರಿಗಳಿಗಿಂತ ಹೆಚ್ಚಾಗಿ ಆ ಕಳ್ಳನ ಆಯ್ಕೆ ಅವಳ ತಲೆ ಕೊರೆಯುತ್ತಿತ್ತು.

ಗುರುವಾರ ಮತ್ತೆ ಸ್ಕೇಲ್‌ಗಿಲ್‌ಗೆ ಹೋದಳು. ಟೈಸನ್ನನ ಹೆಂಡತಿ ನೊರೀನ್ ಗೇಟಿನ ಪಕ್ಕದ ಮರದ ಗೂಡಿನಲ್ಲಿ, ಗುಡ್ಡ ಹತ್ತಲು ಬರುವವರಿಗೆ ಚಹಾ ಮತ್ತು ಶುಂಠಿ ಕೇಕು ಮಾರುತ್ತಿದ್ದಳು.

"ಜೂನ್ ಕೊನೇಲಿ ಯಾರ್ಯಾರು ಬಂದಿದ್ರು?"

"ಅಯ್ಯೋ, ಭಾನುವಾರ ಬಂತು ಅಂದ್ರೆ ಜಾತ್ರೆ ಥರ ಜನ. ಅಪ್ಪ, ಅಮ್ಮ, ಮಕ್ಕಳು, ಬುತ್ತಿ. ಮುಖ ಎಲ್ಲಿ ನೆನಪಿರ್ತದೆ?"

"ನಾಯಿ ತಂದವರು?"

"ನಾಯಿ ಬಿಟ್ರೆ ನಾನೇ ಬೆನ್ನಟ್ಟಿ ಹೊಡೀತೀನಿ. ಮೇಲೆ ಏನಾಯ್ತು ಅಂತ ಬೇಕಿದ್ರೆ ಹಕ್ಕಿ ಮೇಷ್ಟ್ರನ್ನ ಕೇಳಿ. ಮಡುವಿನ ಹತ್ರ ಡೇರೆ ಹಾಕ್ಕೊಂಡು ಕೂತು ಒಂದೂವರೆ ತಿಂಗಳಾಯ್ತು. ಗಂಟೆಗಟ್ಟಲೆ ಒಂದೇ ಕಲ್ಲು ನೋಡ್ತಾರೆ, ಪಾಪ."

ಮಡು ಇದ್ದದ್ದು ಗುಡ್ಡದ ಮುಕ್ಕಾಲು ಎತ್ತರದಲ್ಲಿ, ಒಂದು ಬೋಗುಣಿಯಂಥ ತಗ್ಗಿನಲ್ಲಿ. ರೂತ್‌ಳ ಮಂಡಿ ಅರ್ಧ ದಾರಿಗೇ ತಕರಾರು ತೆಗೆಯಿತು. ಮಾಸಪ್‌ನ ಹೊಸ ಬೂಟು ಕಚ್ಚುತ್ತಿತ್ತು. "ಮೇಡಂ, ಜನ ಇದನ್ನ ರಜಾ ಹಾಕಿ, ಖುಷಿಗೆ ಅಂತ ಮಾಡ್ತಾರಾ?" ಎಂದು ಅವನು ಕೇಳಿದ. ಉತ್ತರ ಹೇಳಲು ರೂತ್‌ಗೆ ಉಸಿರಿರಲಿಲ್ಲ.

ಹಕ್ಕಿ ಮೇಷ್ಟ್ರು ಎಂದರೆ ನಿವೃತ್ತ ಶಾಲಾ ಉಪಾಧ್ಯಾಯ ಲಯನೆಲ್ ಪೀಸ್‌ಕಾಡ್. ಬಂಡೆಯ ಸಂದಿಯಲ್ಲಿ ಗೂಡು ಕಟ್ಟಿದ ಯಾವುದೋ ಹಕ್ಕಿಯನ್ನು ಕಾಯುತ್ತಿದ್ದರು. ಪೊಲೀಸರನ್ನು ಕಂಡು ಸಂತೋಷಪಟ್ಟರು. ಮಾತಾಡಲು ಯಾರಾದರೂ ಸಿಕ್ಕಿದ್ದೇ ಸಾಕಾಗಿತ್ತು ಅವರಿಗೆ.

"ಗುಡ್ಡದ ಮೇಲೆ ಅನುಮಾನ ಬರೋ ಹಾಗೆ ಯಾರನ್ನಾದ್ರೂ ನೋಡಿದ್ರಾ ಮೇಷ್ಟ್ರೇ? ಜೂನ್ ಕೊನೇಲಿ?"

"ಇಲ್ಲಪ್ಪ. ನಡೆಯೋಕೆ ಬಂದವರು ಅಷ್ಟೆ."

"ಕುರಿ ಹೊಡ್ಕೊಂಡು ಹೋಗೋರು?"

"ಅಂಥವರು ಯಾರೂ ಇಲ್ಲ."

ಮಾಸಪ್ ಪುಸ್ತಕ ಮಡಚಿದ. ರೂತ್ ಮಂಡಿ ನೀವಿಕೊಳ್ಳುತ್ತ, "ಇನ್ನೊಂದೇ ಒಂದು" ಎಂದಳು. "ಅನುಮಾನ ಬಿಡಿ. ವಿಚಿತ್ರ ಅನ್ನಿಸಿದ್ದು ಏನಾದ್ರೂ ಇತ್ತಾ? ಚಂದ ಅನ್ನಿಸಿದ್ದಾದ್ರೂ ಸರಿ."

ಮೇಷ್ಟ್ರ ಮುಖ ಅರಳಿತು. "ಚಂದ ಅಂದ್ರೆ, ಇಪ್ಪತ್ತಮೂರನೇ ತಾರೀಕು ಭಾನುವಾರ ಒಂದು ಸಂಸಾರ ಬಂದಿತ್ತು ನೋಡಿ. ಗಂಡ, ಹೆಂಡತಿ, ಹಳದಿ ಮಳೆಕೋಟಿನ ಒಂದು ಹೆಣ್ಣು ಮಗು, ಅದಕ್ಕೊಬ್ಬ ತಮ್ಮ. ಅಲ್ಲಿ, ನೀರಿನ ಅಂಚಲ್ಲಿ ಕೂತು ಬುತ್ತಿ ಬಿಚ್ಚಿದ್ರು. ಆಮೇಲೆ ಆ ಹೆಂಗಸು ಎದ್ದು ನಿಂತು ಕೂಗಿದಳು. ಕೂಗೋದು ಅಂದ್ರೆ ಹಾಡೇ ಅನ್ನಿ. ನನ್ನ ಹಕ್ಕಿ ಹಾರಿಹೋಯ್ತು ಅಂತ ಸಿಟ್ಟು ಬಂತು. ತಿರುಗಿ ನೋಡ್ತೀನಿ, ಗುಡ್ಡದ ಮೂಲೆ ಮೂಲೆಯಿಂದ ಕುರಿಗಳು ಓಡಿ ಬರ್ತಿವೆ! ಬಂದು ಅವರ ಸುತ್ತ ನಾಯಿಗಳ ಹಾಗೆ ಮಲಗಿಕೊಂಡವು. ಆ ಮಗು ಒಂದು ಕುರಿಯ ಕುತ್ತಿಗೆ ತಬ್ಬಿಕೊಂಡು ಸ್ಯಾಂಡ್‌ವಿಚ್ ತಿಂತಿತ್ತು. ಗುಡ್ಡದ ಕುರಿ ಮನುಷ್ಯರ ಹತ್ರ ಬರೋದನ್ನ ನಾನಂತೂ ಕಂಡಿರಲಿಲ್ಲ."

"ಯಾವ ಬಣ್ಣದ ಕುರಿ?"

"ಬಿಳೀದು. ಕಾಲಡಿಯ ಮರಿಗಳು ಬಿಟ್ರೆ ಎಲ್ಲಾ ಬಿಳೀದೇ."

"ಆಮೇಲೆ?"

"ಅವರು ಎದ್ದು ರೇವನ್ ಘಾಟಿ ಕಡೆ ನಡೆದ್ರು. ಕುರಿಗಳೂ ಹಿಂದೆ ಹಿಂದೆ ಹೋದವು. ಮುಂದಿನ ಭಾನುವಾರ ಮತ್ತೆ ಬಂದಿದ್ರು. ಅವತ್ತು ಆ ಯಪ್ಪನ ಬೆನ್ನ ಮೇಲೊಂದು ಮೂಟೆ ಇತ್ತು."

"ಇಷ್ಟು ನೋಡಿಯೂ ನಿಮಗೆ ಅನುಮಾನ ಬರಲಿಲ್ವಾ ಮೇಷ್ಟ್ರೇ?" ಎಂದ ಮಾಸಪ್.

"ಅನುಮಾನ ಯಾಕೆ ಬರಬೇಕು? ಹಾಡು ಹಗಲು, ಮಕ್ಕಳು, ಬುತ್ತಿ! ಅವರದೇ ಕುರಿ ಅಂದ್ಕೊಂಡೆ."

ಅವಳು ಹೇಗೆ ಕೂಗಿದಳೆಂದು ತೋರಿಸಲು ರೂತ್ ಕೇಳಿದಳು. ಮೇಷ್ಟ್ರು ನಾಚಿಕೊಂಡು, ಗಂಟಲು ಸರಿಪಡಿಸಿಕೊಂಡು, ಕೈಗಳನ್ನು ಬಾಯಿಗೆ ಹಿಡಿದು ಎಳೆದರು: "ಕೂ...ವಪ್! ಕೂ...ವಪ್, ಬಾ ಬಾ ಬಾ!" ಉಣ್ಣೆ ಕತ್ತರಿಸಿಕೊಂಡು ಮೇಲೆ ಬಂದಿದ್ದ ಎಳೇ ಕುರಿಗಳು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು. ಮಾಸಪ್ ನಗು ತಡೆಯಲಾಗದೆ ಅತ್ತ ತಿರುಗಿದ.

ರೂತ್ ಟೈಸನ್ನನಿಗೆ ಫೋನು ಮಾಡಿದಳು. "ಚಳಿಗಾಲದಲ್ಲಿ ಮೇವು ಹಾಕುವಾಗ ಕುರಿಗಳನ್ನ ಹೇಗೆ ಕರೀತೀರಿ?"

"ಕರೆಯೋದೇನು? ಬೈಕಿನ ಹಾರನ್ ಹೊಡೀತೀನಿ, ಬರ್ತವೆ."

"ಈ ಫಾರಂ ಹಿಡಿದು ಎಷ್ಟು ವರ್ಷ ಆಯ್ತು?"

"ಬರೋ ಸೆಪ್ಟೆಂಬರಿಗೆ ನಾಲ್ಕು."

ಫೋನು ಜೇಬಿಗಿಟ್ಟು ಅವಳು ಮಡುವಿನ ಪಕ್ಕದ ಕಲ್ಲಿನ ಮೇಲೆ ಕೂತಳು. "ಅರ್ಥ ಆಯ್ತಾ ಮಾಸಪ್? ಹೋದ ಕುರಿಗಳೆಲ್ಲ ಐದು ವರ್ಷ ದಾಟಿದವು. ಟೈಸನ್ ಬಂದು ನಾಲ್ಕು ವರ್ಷ. ಕಳ್ಳ ಕುರಿಗಳನ್ನ ಆರಿಸಲೇ ಇಲ್ಲ. ಆ ದನಿ ಗೊತ್ತಿದ್ದ ಕುರಿಗಳು ತಾವಾಗೇ ಎದ್ದು ಬಂದವು. ಎಳೇವಕ್ಕೆ ಆ ದನಿ ಗೊತ್ತಿಲ್ಲ, ಉಳ್ಕೊಂಡವು."

"ಅಂದ್ರೆ ಟೈಸನ್‌ಗಿಂತ ಮುಂಚೆ ಇಲ್ಲಿದ್ದೋರು..."

"ಹೂಂ. ನಡಿ ಕೆಳಗೆ."

ಆದರೆ ಕೆಳಗಿಳಿಯುವ ಮುನ್ನವೇ ಇನ್ನೊಂದು ಸಾಕ್ಷಿ ಸಿಕ್ಕಿತು. ಪೂರ್ವಕ್ಕೆ ರೇವನ್ ಘಾಟಿಯ ನೆತ್ತಿಯಿಂದ ಒಂಟಿ ಕುರಿಯೊಂದು ಇಳಿದು ಬರುತ್ತಿತ್ತು. ಬಿಳಿ ಕುರಿ. ಅತ್ತಿತ್ತ ನೋಡದೆ, ಕೆಲಸ ಮುಗಿಸಿ ಮನೆಗೆ ಹೊರಟವಳ ಹಾಗೆ ನೇರ ನಡೆಯುತ್ತಿತ್ತು. ಹಿಡಿಯಲು ಹೋದ ಮಾಸಪ್ ಮೊದಲನೇ ಸಲ ಜೌಗಿನಲ್ಲಿ ಮಂಡಿಯವರೆಗೆ ಹೂತ, ಎರಡನೇ ಸಲ ಮುಗ್ಗರಿಸಿದ, ಮೂರನೇ ಸಲ ಕುರಿಯ ಮೇಲೇ ಬಿದ್ದ. "ಸರ್ಕಾರ ನನಗೆ ಸಂಬಳ ಕೊಡೋದು ಇದಕ್ಕಾ!" ಎಂದು ಅದನ್ನು ತಬ್ಬಿಕೊಂಡೇ ಕೂಗಿದ. ಕಿವಿಯ ಗುರುತಿನ ಬಿಲ್ಲೆಯನ್ನು ಯಾರೋ ಕತ್ತರಿಸಿ ತೆಗೆದಿದ್ದರು. ಪಕ್ಕೆಯ ಮೇಲೆ ಕೆಂಪು ಪಟ್ಟೆ ಇರಬೇಕಾದ ಕಡೆ ಉಣ್ಣೆಯನ್ನು ನೀಟಾಗಿ ಕತ್ತರಿಸಿದ್ದರು. ಟೈಸನ್ ಬಂದು, ಮರಿಯಾಗಿದ್ದಾಗ ಕಿವಿಯಲ್ಲಿ ಹಾಕಿದ್ದ ಕಚ್ಚು ನೋಡಿ, ಸ್ಕೇಲ್‌ಗಿಲ್ ಕುರಿಯೇ ಎಂದು ಗುರುತಿಸಿ ಮಹಜರಿಗೆ ಸಹಿ ಹಾಕಿದ.

"ನಿಮಗಿಂತ ಮುಂಚೆ ಇಲ್ಲಿ ಯಾರಿದ್ರು?"

"ಐಸಾಕ್ ಬೆನ್ಸನ್. ಸೊಂಟ ಮುರ್ಕೊಂಡ, ನಡೆಯೋಕಾಗಲಿಲ್ಲ, ಬಿಟ್ಟ. ಸತ್ತು ಎರಡು ವರ್ಷ ಆಯ್ತು."

"ಕುರಿಗಳನ್ನ ತಗೊಂಡು ಹೋಗಲಿಲ್ವಾ?"

"ಈ ಗುಡ್ಡದ ಕುರಿ ಫಾರಂ ಜೊತೆಗೇ ಇರಬೇಕು ಮೇಡಂ. ಭೂಮಾಲೀಕರ ಕರಾರು ಹಾಗಿದೆ. ಮನುಷ್ಯ ಹೋಗ್ತಾನೆ, ಮಂದೆ ಹೋಗಲ್ಲ."

"ಮಕ್ಕಳು?"

"ಮಗಳೊಬ್ಬಳಿದ್ದಳು. ಫಾರಂ ತನಗೆ ಬೇಕು ಅಂತ ಅವಳೂ ಅರ್ಜಿ ಹಾಕಿದ್ದಳಂತೆ. ನನಗೆ ಸಿಕ್ತು. ಅವಳನ್ನ ನಾನು ನೋಡಿಲ್ಲ."

ಮಗಳ ಹೆಸರು ಲೋರ್ನಾ. ವಯಸ್ಸು ಮೂವತ್ತೊಂಬತ್ತು. ಮದುವೆಯಾಗಿ ಲೋರ್ನಾ ಸ್ಟಾಟ್. ಘಾಟಿಯ ಆಚೆ ಮಾಸ್‌ಡೇಲ್ ಹಳ್ಳಿಯಲ್ಲಿ ವಾಸ, ಹಲ್ಲಿನ ಡಾಕ್ಟರೊಬ್ಬರ ಬಳಿ ಕೆಲಸ. ಗಂಡ ಕ್ರೇಗ್ ಶಾಲೆಯ ಬಸ್ಸು ಓಡಿಸುತ್ತಾನೆ. ಶುಕ್ರವಾರ ಸಂಜೆಯೊಳಗೆ ಮಾಸಪ್ ಇಷ್ಟನ್ನೂ ಕಲೆಹಾಕಿದ್ದ.

ಜುಲೈ ಹದಿಮೂರು, ಶನಿವಾರ, ಬೆಳಿಗ್ಗೆ ಹತ್ತು. ಬಾಗಿಲು ತೆರೆದವನು ಕ್ರೇಗ್. ಸಮವಸ್ತ್ರ ನೋಡಿದ ಕೂಡಲೇ, "ಬಸ್ಸಿಗೆ ಏನಾದ್ರೂ ಆಯ್ತಾ?" ಎಂದ. ಅವನಿಗೆ ನಟನೆ ಬರುತ್ತಿರಲಿಲ್ಲ. ಕಿವಿ ಕೆಂಪಾದವು. ಅವನ ಹಿಂದೆ ಗೋಡೆಯ ಗೂಟಕ್ಕೆ ಹಳದಿ ಮಳೆಕೋಟೊಂದು ನೇತಾಡುತ್ತಿತ್ತು.

ಲೋರ್ನಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಸಣಕಲು ಮೈ, ಬಿಸಿಲು ಗಾಳಿ ಕಂಡ ಮುಖ. "ಮಕ್ಕಳನ್ನ ಅಜ್ಜಿ ಮನೆಗೆ ಬಿಟ್ಟು ಬಾ" ಎಂದಳು ಗಂಡನಿಗೆ. ಅವನು ಹೋದ ಮೇಲೆ ರೂತ್‌ಗೆ ಕುರ್ಚಿ ತೋರಿಸಿದಳು. ತಾನು ಕೂರಲಿಲ್ಲ.

"ಜೂನ್ ಇಪ್ಪತ್ತಮೂರು, ಭಾನುವಾರ. ಎಲ್ಲಿದ್ರಿ?"

"ಮಕ್ಕಳನ್ನ ಕರ್ಕೊಂಡು ನಡೆಯೋಕೆ ಹೋಗಿದ್ವಿ."

"ಎಲ್ಲಿಗೆ?"

"ಗ್ರೇಹೌಗೆ. ಎಲ್ಲರೂ ಹೋಗ್ತಾರೆ. ತಪ್ಪಾ?"

"ಮೂವತ್ತನೇ ತಾರೀಕು?"

"ಮತ್ತೆ ಅಲ್ಲಿಗೇ. ಮಕ್ಕಳಿಗೆ ಇಷ್ಟ ಆಗಿತ್ತು."

"ಕುರಿಗಳನ್ನ ಕರೆದ್ರಾ?"

ಲೋರ್ನಾ ಕಿಟಕಿಯತ್ತ ತಿರುಗಿದಳು. ಕಿಟಕಿಯಾಚೆ ಕಲ್ಲುಗೋಡೆಯ ಸಣ್ಣ ಹೊಲ, ಅದರ ತುದಿಗೆ ಹಳೇ ಕೊಟ್ಟಿಗೆ ಕಾಣುತ್ತಿತ್ತು. ಹೊಲದಲ್ಲಿ ಒಂದೂ ಕುರಿಯಿಲ್ಲ. ಹುಲ್ಲನ್ನು ಮಾತ್ರ ಯಾವುದೋ ಮಂದೆ, ಕೂದಲು ಕತ್ತರಿಸಿದ ಹಾಗೆ, ನುಣ್ಣಗೆ ಮೇದಿತ್ತು. ಕೊಟ್ಟಿಗೆಯ ಬಾಗಿಲಿಗೆ ಹೊಸ ಬೀಗ.

"ಆ ಕೊಟ್ಟಿಗೆ ಯಾರದು?"

"ನಮ್ಮತ್ತೆಯದು."

"ಬೀಗ ತೆಗೀತೀರಾ?"

"ಕೋರ್ಟಿನ ಕಾಗದ ಇದೆಯಾ?"

"ಇವತ್ತಿಲ್ಲ. ಸೋಮವಾರ ತರ್ತೀನಿ. ಅಲ್ಲೀವರೆಗೆ ಮಾಸಪ್ ಬಾಗಿಲಲ್ಲಿ ನಿಂತಿರ್ತಾನೆ."

"ನಿಲ್ಲಲಿ."

ರೂತ್ ಎದ್ದಳು. ಬಾಗಿಲವರೆಗೆ ಹೋಗಿ ತಿರುಗಿದಳು. ಈ ಸಲ ಅವಳದು ಉಪಾಯವಲ್ಲ. ಕೇಳಲೇಬೇಕು ಅನ್ನಿಸಿತ್ತು. "ಇನ್ನೊಂದೇ ಒಂದು. ನೀವು ಆ ಗುಡ್ಡದಲ್ಲೇ ಹುಟ್ಟಿದವರು. ಮುದಿ ಕುರಿಗಳು ಇಲ್ಲದೆ ಹೋದ್ರೆ ಎಳೇವು ಎಲ್ಲಿಗೆ ಹೋಗ್ತವೆ ಅಂತ ಗೊತ್ತಿರಲಿಲ್ವಾ?"

"ಏನಂದ್ರಿ?"

"ರಸ್ತೆಗಿಳೀತಿವೆ. ಮೂರು ಮರಿ ಸತ್ತಿದ್ವು. ನಿನ್ನೆ ಸಂಜೆ ಇನ್ನೂ ಎರಡು."

ಲೋರ್ನಾಳ ಕೈಲಿದ್ದ ಬಟ್ಟೆ ಅಲ್ಲೇ ನಿಂತಿತು. ಕುರಿಗಳು ತನಗೇನೆಂದು ಯೋಚಿಸಿದ್ದಳು. ಗುಡ್ಡಕ್ಕೇನೆಂದು ಯೋಚಿಸಿರಲಿಲ್ಲ. ಐಸಾಕ್ ಬೆನ್ಸನ್ನನ ಮಗಳಾಗಿ ಯೋಚಿಸಿರಲಿಲ್ಲ. ಅದು ಅವಳ ಮುಖದ ಮೇಲೆ ಒಂದೊಂದಾಗಿ ಮೂಡುವುದನ್ನು ರೂತ್ ನೋಡಿದಳು. ನೋಡಲು ಹಿತವಾಗಿರಲಿಲ್ಲ.

"ಐದು ಮರಿ?" ಎಂದಳು.

"ಐದು."

ಅವಳು ಚಪ್ಪಲಿಯನ್ನೂ ಮೆಟ್ಟದೆ ಹೊಲಕ್ಕಿಳಿದಳು. ರೂತ್, ಮಾಸಪ್ ಹಿಂಬಾಲಿಸಿದರು. ಅರ್ಧ ಹೊಲ ದಾಟಿದಳೋ ಇಲ್ಲವೋ, ಬಾಯಿ ತೆರೆದು ಕೂಗಿದಳು. ಮೇಷ್ಟ್ರ ಅಣಕು ಇದರ ಹತ್ತಿರಕ್ಕೂ ಬಂದಿರಲಿಲ್ಲ. ಎರಡು ಉದ್ದನೆಯ ಎಳೆತ, ಕೊನೆಗೊಂದು ಇಳಿತ, ಹೊಟ್ಟೆಯಾಳದಿಂದ ಬಂದ ದನಿ. ಮುಚ್ಚಿದ ಬಾಗಿಲ ಹಿಂದಿನಿಂದ ಕೊಟ್ಟಿಗೆಯೆಲ್ಲ ಒಟ್ಟಿಗೆ ಓಗೊಟ್ಟಿತು. ಲೋರ್ನಾ ಜೇಬಿನಿಂದ ಬೀಗದ ಕೈ ತೆಗೆದು ರೂತ್‌ಳ ಅಂಗೈಗೆ ಹಾಕಿದಳು.

ಒಳಗೆ ಇಪ್ಪತ್ತೈದು ಬಿಳಿ ಕುರಿಗಳಿದ್ದವು. ಜೊತೆಗೆ ಅವುಗಳ ಕಪ್ಪು ಮರಿಗಳು. ಕೊಟ್ಟಿಗೆ ಚೊಕ್ಕಟವಾಗಿತ್ತು. ನೀರು ತುಂಬಿತ್ತು. ಹುಲ್ಲು ಹಸಿಯಾಗಿತ್ತು. ಕತ್ತರಿಸಿದ ಕಿವಿಯ ಬಿಲ್ಲೆಗಳು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಸಿಕ್ಕವು. ಎಲ್ಲವನ್ನೂ ಜಪ್ತಿ ಮಾಡಿ, ಹತ್ತು ಐವತ್ತಕ್ಕೆ ಕಳವಿನ ಆರೋಪದ ಮೇಲೆ ರೂತ್ ಲೋರ್ನಾಳನ್ನು ಬಂಧಿಸಿದಳು. ಹೇಳಿದ ಮಾತೆಲ್ಲ ಸಾಕ್ಷಿಯಾಗಬಹುದೆಂದು ಎಚ್ಚರಿಸಿದಳು.

ಅಷ್ಟರಲ್ಲಿ ಕ್ರೇಗ್ ಓಡಿ ಬಂದ. "ಮೇವಿನ ಮೂಟೆ ಹೊತ್ತಿದ್ದು ನಾನು. ನನ್ನನ್ನೂ ಕರ್ಕೊಂಡು ಹೋಗಿ. ಅವಳೊಬ್ಬಳದೇ ಅಂತ ಬರೀಬೇಡಿ."

"ನೀನು ಸುಮ್ನಿರು, ಕತ್ತೆ" ಎಂದಳು ಲೋರ್ನಾ, ಕಣ್ಣು ತುಂಬಿಕೊಂಡು.

"ನಿಮ್ಮ ಹೇಳಿಕೆ ನಾಳೆ ತಗೋತೀನಿ. ಇವತ್ತು ಮಕ್ಕಳ ಹತ್ರ ಇರಿ" ಎಂದಳು ರೂತ್.

ಠಾಣೆಯಲ್ಲಿ ವಕೀಲರ ಎದುರು ಲೋರ್ನಾ ಕೊಟ್ಟ ಹೇಳಿಕೆ ಎರಡೇ ಪುಟದ್ದು.

ಅಪ್ಪ ಫಾರಂ ಬಿಟ್ಟ ಮೇಲೆ ಅವಳು ಆ ಕಣಿವೆಗೆ ಕಾಲಿಟ್ಟಿರಲಿಲ್ಲ. ಅರ್ಜಿ ತಿರಸ್ಕರಿಸಿದ ಭೂಮಾಲೀಕರ ಮೇಲೆ ಸಿಟ್ಟಿತ್ತು. ಫಾರಂ ಬಿಟ್ಟುಕೊಡಲು ಸಹಿ ಹಾಕಿದ ಅಪ್ಪನ ಮೇಲೆ ಇನ್ನೂ ಹೆಚ್ಚು ಸಿಟ್ಟಿತ್ತು. ಆ ಸಿಟ್ಟು ಇಳಿಯುವ ಮೊದಲೇ ಅವನು ತೀರಿಕೊಂಡ. ಈ ಬೇಸಿಗೆಯಲ್ಲಿ ಮಗಳು ಈಡಿ, ಅಜ್ಜನ ಗುಡ್ಡ ತೋರಿಸು ಎಂದು ಹಟ ಹಿಡಿದಳು. ಸರಿ, ಒಂದು ದಿನ ನಡೆದು ಬರೋಣ ಎಂದು ಹೊರಟರು.

"ಗೇಟಿನ ಹತ್ರ ಚಹಾ ಮಾರೋ ಹೆಂಗಸು ತುಂಬಾ ಒಳ್ಳೆಯವಳು" ಎಂದಳು ಲೋರ್ನಾ. "ಮಕ್ಕಳಿಗೆ ಕೇಕು ಹೆಚ್ಚಿಗೆ ಕೊಟ್ಟಳು. ಆಮೇಲೆ ನನ್ನ ಕೇಳಿದಳು, ಇಲ್ಲಿಗೆ ಮೊದಲನೇ ಸಲನಾ ಅಂತ. ದಾರಿ ತಪ್ತೀರಿ, ಗೋಡೆ ಪಕ್ಕದಲ್ಲೇ ಹೋಗಿ ಅಂತ ಕೈ ತೋರಿಸಿದಳು. ಆ ಗೋಡೆ ನಾನೂ ಅಪ್ಪನೂ ಕಟ್ಟಿದ್ದು. ನಾನು ಹೌದು ಅಂದೆ. ಮೊದಲನೇ ಸಲ ಅಂದೆ. ಯಾಕೆ ಹಾಗಂದೆ ಅಂತ ಇವತ್ತಿಗೂ ಗೊತ್ತಿಲ್ಲ. ಮೇಲೆ ಹೋಗಿ ಕೂತಾಗ ಈಡಿ, ಅಜ್ಜ ಹೇಗೆ ಕರೀತಿದ್ರು ಅಂದಳು. ಕರೆದೆ. ಯಾವ ಕುರಿ ಬರ್ತದೆ ಅಂತ ಕರೆದದ್ದಲ್ಲ. ಮಗು ಕೇಳ್ತು ಅಂತ ಕರೆದೆ. ಅವು ಬಂದುಬಿಟ್ವು."

ವಕೀಲರು ನೀರಿನ ಲೋಟವನ್ನು ಅವಳತ್ತ ಸರಿಸಿದರು.

"ನಾನು ಎದ್ದು ಘಾಟಿ ಕಡೆ ನಡೆದೆ. ಹಿಂದೇನೇ ಬಂದವು. ಹೋಗಿ ಅಂತ ಒಂದು ಸಲ ಹೇಳಿದೆ. ಒಂದೇ ಸಲ. ಗಟ್ಟಿಯಾಗಿ ಹೇಳಲಿಲ್ಲ. ಮೊದಲನೇ ಭಾನುವಾರದ್ದು ಹೇಗೋ ಆಗಿಹೋಯ್ತು ಅನ್ನಬಹುದು. ಎರಡನೇದು ನಾನೇ ಮಾಡಿದ್ದು. ಬಿಲ್ಲೆ ಕತ್ತರಿಸಿದ್ದೂ ನಾನೇ. ಅದನ್ನೂ ಬರ್ಕೊಳ್ಳಿ."

ರೂತ್ ಬರೆದುಕೊಂಡಳು. ಕೇಳಲು ಇನ್ನೇನೂ ಉಳಿದಿರಲಿಲ್ಲ.

ಸೆಪ್ಟೆಂಬರಿನಲ್ಲಿ ಲೋರ್ನಾ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಳು. ಸತ್ತ ಮರಿಗಳ ಪರಿಹಾರವನ್ನೂ ನೂರಿಪ್ಪತ್ತು ಗಂಟೆಗಳ ಸಮುದಾಯ ಸೇವೆಯನ್ನೂ ನ್ಯಾಯಾಧೀಶರು ವಿಧಿಸಿದರು. ಕ್ರೇಗ್‌ನನ್ನು ಎಚ್ಚರಿಕೆ ಕೊಟ್ಟು ಬಿಟ್ಟರು. ಆದರೆ ರೂತ್‌ಳ ಮಟ್ಟಿಗೆ ಪ್ರಕರಣ ಮುಗಿದದ್ದು ಜುಲೈ ಹದಿನಾರಕ್ಕೆ, ರೇವನ್ ಘಾಟಿಯ ಮೇಲೆ.

ಪಶುವೈದ್ಯರು ಕುರಿಗಳನ್ನು ಪರೀಕ್ಷಿಸಿ ಫೋಟೋ ತೆಗೆದ ಮೇಲೆ, ವಾಪಸು ತರಲು ಲಾರಿ ಗೊತ್ತುಮಾಡಲೇ ಎಂದು ಮಾಸಪ್ ಕೇಳಿದ್ದ. ಟೈಸನ್ ಬೇಡವೆಂದ. ಬಹಳ ಹೊತ್ತು ಹ್ಯಾಟು ತಿರುಗಿಸುತ್ತ ಕೂತು, "ಈ ವಯಸ್ಸಲ್ಲಿ ಲಾರಿ ಹತ್ತಿಸಿದ್ರೆ ಬೆದರ್ತವೆ. ಅವಳೇ ನಡೆಸ್ಕೊಂಡು ಬರಲಿ. ನಾನು ಘಾಟಿ ಮೇಲೆ ನಿಂತಿರ್ತೀನಿ" ಎಂದ. ಜಾಮೀನಿನ ಮೇಲಿದ್ದ ಲೋರ್ನಾ, ಪೊಲೀಸರ ಕಾವಲಿನಲ್ಲಿ, ಗಂಡ ಮಕ್ಕಳೊಂದಿಗೆ ಹೊರಟಳು. ಬಿಸಿಲು ಚೆನ್ನಾಗಿತ್ತು. ನೋಡಿದವರು ಯಾವುದೋ ಸಂಸಾರ ರಜೆಯ ದಿನ ಗುಡ್ಡ ಹತ್ತಲು ಹೊರಟಿದೆ ಅಂದುಕೊಳ್ಳಬೇಕು. ಅವಳು ಮುಂದೆ, ಕುರಿಗಳು ಅವಳ ಹಿಂದೆ, ಕೊನೆಯಲ್ಲಿ ಕುಂಟುತ್ತ ರೂತ್.

ನೆತ್ತಿಯಲ್ಲಿ ಟೈಸನ್ ಕಾಯುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಒಂದಕ್ಕೆ ಗೊರಸು ನೋವಿತ್ತು. ಮುಲಾಮು ಹಚ್ಚಿದ್ದೀನಿ" ಎಂದಳು ಲೋರ್ನಾ.

"ಸರಿ. ನೋಡ್ಕೋತೀನಿ" ಎಂದ ಟೈಸನ್. ಸ್ವಲ್ಪ ತಡೆದು, "ಮಡುವಿನ ಮೇಲಿನ ಗೋಡೆ ಕುಸೀತಾ ಇದೆ. ನಿಮ್ಮಪ್ಪ ಅದರ ಬುಡ ಹೇಗೆ ಹಾಕಿದ್ರು ಅಂತ ಗೊತ್ತಾಗ್ತಿಲ್ಲ" ಎಂದ.

"ಬುಡದಲ್ಲಿ ನೀರಿಗೆ ದಾರಿ ಬಿಟ್ಟಿದ್ವಿ. ಅದು ಮುಚ್ಚಿರಬೇಕು. ತೆಗೆದ್ರೆ ಸರಿಹೋಗ್ತದೆ."

ಅಷ್ಟರಲ್ಲಿ ಮುಂದಿನ ಕುರಿ ನೆತ್ತಿ ಮುಟ್ಟಿತ್ತು. ನಿಂತು ಮೂಗೆತ್ತಿತು. ಕೆಳಗೆ ಗ್ರೇಹೌ ಇಡಿಯಾಗಿ ಬಿದ್ದುಕೊಂಡಿತ್ತು. ಜರಿಗಿಡಗಳ ಹಸಿರು, ಮಡುವಿನ ಕಪ್ಪು ಕಣ್ಣು, ಅದರಾಚೆ ಸರೋವರ. ಕುರಿ ಲೋರ್ನಾಳನ್ನು ದಾಟಿತು, ಟೈಸನ್ನನನ್ನು ದಾಟಿತು, ಇಳಿಜಾರಿನಲ್ಲಿ ಓಡತೊಡಗಿತು. ಉಳಿದವೂ ನುಗ್ಗಿದವು. ಮರಿಗಳು ಕಿರುಚುತ್ತ ಹಿಂದೆ ಬಿದ್ದವು. ಒಂದಾದರೂ ತಿರುಗಿ ನೋಡಲಿಲ್ಲ.

"ಅಮ್ಮಾ, ಹೋಗ್ತಾ ಇವೆ!" ಈಡಿ ತಾಯಿಯ ತೋಳು ಹಿಡಿದು ಜಗ್ಗಿದಳು. "ಕರಿ ಅಮ್ಮಾ! ಕರೆದ್ರೆ ಬರ್ತವೆ. ಒಂದೇ ಒಂದು ಸಲ ಕರಿ!"

ಬಂದೇ ಬರುತ್ತವೆಂದು ರೂತ್‌ಗೂ ಗೊತ್ತಿತ್ತು, ಟೈಸನ್ನನಿಗೂ ಗೊತ್ತಿತ್ತು. ಇಬ್ಬರೂ ಅವಳ ಮುಖ ನೋಡಿದರು.

ಲೋರ್ನಾ ಮಗಳ ಕೈ ಬಿಡಿಸಿಕೊಂಡು ತನ್ನ ಕೈಯಲ್ಲಿ ಹಿಡಿದುಕೊಂಡಳು. ಕೊನೆಯ ಕುರಿ ಬಂಡೆಗಳ ನಡುವೆ ಮರೆಯಾಗುವವರೆಗೂ ತುಟಿ ಬಿಗಿಹಿಡಿದು ನಿಂತಿದ್ದು, ಆಮೇಲೆ ಬಂದ ದಾರಿಯಲ್ಲೇ ಇಳಿಯತೊಡಗಿದಳು.